ಕಂಪೈಲರ್ ಆಪ್ಟಿಮೈಸೇಶನ್, ಫಂಕ್ಷನ್ ಆಟ್ರಿಬ್ಯೂಟ್ ಮತ್ತು ಫಂಕ್ಷನ್ ಕರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಸಿ ಮತ್ತು ಸಿ++ನಲ್ಲಿ ಕೆಲಸ ಮಾಡುವವರಿಗಾಗಿ. ಬೇರೆ ಹೇಳದಿದ್ದರೆ ಉದಾಹರಣೆಗಳೆಲ್ಲ 64-ಬಿಟ್ ಎಕ್ಸ್86 ಲಿನಕ್ಸ್ ಮೇಲಿನ ಜಿಸಿಸಿ ಕಂಪೈಲರ್‌ಗೆ ಸಂಬಂಧಿಸಿದವು. ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ ಬೇರೆಯಾಗಿ ನಡೆದುಕೊಳ್ಳುವ ಕಡೆ ಅದನ್ನೂ ತಿಳಿಸಿದ್ದೇವೆ. ಆಯ್ಕೆಗಳ ಮತ್ತು ಆಟ್ರಿಬ್ಯೂಟ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಆಯ್ಕೆಗಳಾದರೆ ಮುಂದೆ ಅಡ್ಡಗೆರೆ, ಹೆಚ್ಚಿನವಕ್ಕೆ ಅದರ ಜೊತೆ ಎಫ್ ಅಕ್ಷರವನ್ನೂ (ಎಚ್ಚರಿಕೆಗಳಿಗೆ ದೊಡ್ಡಕ್ಷರದ ಡಬ್ಲ್ಯೂ) ಹಾಕಿ ಟೈಪ್ ಮಾಡಬೇಕು.

ಓದುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿರಲಿ. ಆಟ್ರಿಬ್ಯೂಟ್ ಎಂದರೆ ಕೋಡ್‌ನಲ್ಲಿ ಕಂಪೈಲರ್‌ಗಾಗಿ ಅಂಟಿಸುವ ಸೂಚನೆ, ಹೆಚ್ಚಾಗಿ ಫಂಕ್ಷನ್‌ನ ಘೋಷಣೆಗೆ. ಅವುಗಳಲ್ಲಿ ಎರಡು ಜಾತಿ. "ಇದನ್ನು ಇನ್‌ಲೈನ್ ಮಾಡಬೇಡ" (ಅಂದರೆ ಕರೆಯ ಜಾಗದಲ್ಲಿ ಫಂಕ್ಷನ್‌ನ ಒಡಲನ್ನೇ ತಂದಿಡಬೇಡ) ಎನ್ನುವುದು ನೀವು ಕಂಪೈಲರ್‌ಗೆ ಕೊಡುವ ಅಪ್ಪಣೆ. "ಈ ಫಂಕ್ಷನ್ ಹಿಂದಿರುಗುವುದಿಲ್ಲ" ಎನ್ನುವುದು ನೀವು ಕಂಪೈಲರ್‌ಗೆ ಕೊಡುವ ಮಾತು. ಅಪ್ಪಣೆಯಲ್ಲಿ ತಪ್ಪಾದರೆ ಪ್ರೋಗ್ರಾಂ ನಿಧಾನವಾಗಬಹುದು, ಅಷ್ಟೆ. ಕೊಟ್ಟ ಮಾತು ಸುಳ್ಳಾದರೆ ಪ್ರೋಗ್ರಾಂ ಕೆಡುತ್ತದೆ, ಏಕೆಂದರೆ ಕಂಪೈಲರ್ ಆ ಮಾತನ್ನು ಪರೀಕ್ಷಿಸದೆ ನಂಬುತ್ತದೆ.

ಒಂದು ಫಂಕ್ಷನ್ ಕರೆಗೆ ನಿಜವಾದ ಖರ್ಚು ಎಷ್ಟು?

ನೇರ ಕರೆಯ ಕಾಲ್ ಇನ್‌ಸ್ಟ್ರಕ್ಷನ್ ಐದು ಬೈಟ್, ರೆಟ್ ಒಂದು ಬೈಟ್. ಇವೆರಡು ಇಂದಿನ ಪ್ರೊಸೆಸರ್‌ಗೆ ದೊಡ್ಡ ಹೊರೆಯಲ್ಲ. ಖರ್ಚು ಇರುವುದು ಕರೆಯ ಸುತ್ತಲಿನ ಒಪ್ಪಂದದಲ್ಲಿ. ಲಿನಕ್ಸ್ ಪಾಲಿಸುವ ಒಪ್ಪಂದವಾದ ಸಿಸ್ಟಮ್ ವಿ ಎಬಿಐ ಪ್ರಕಾರ ಮೊದಲ ಆರು ಪೂರ್ಣಾಂಕ ಆರ್ಗ್ಯುಮೆಂಟ್‌ಗಳು ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8, ಆರ್9 ರಿಜಿಸ್ಟರ್‌ಗಳಲ್ಲಿ ಹೋಗಬೇಕು, ಏಳನೆಯದರಿಂದ ಸ್ಟ್ಯಾಕ್ ಮೇಲೆ. ಫಲಿತಾಂಶ ಆರ್‌ಎಎಕ್ಸ್‌ನಲ್ಲಿ ಬರುತ್ತದೆ. ಕಾಲ್ ಮಾಡುವ ಕ್ಷಣದಲ್ಲಿ ಸ್ಟ್ಯಾಕ್ 16 ಬೈಟ್‌ಗೆ ಹೊಂದಿಕೊಂಡಿರಬೇಕು. ಆರ್‌ಬಿಎಕ್ಸ್, ಆರ್‌ಬಿಪಿ ಮತ್ತು ಆರ್12ರಿಂದ ಆರ್15ರವರೆಗಿನವನ್ನು ಕರೆಸಿಕೊಂಡ ಫಂಕ್ಷನ್ ಇದ್ದ ಹಾಗೇ ಹಿಂದಿರುಗಿಸಬೇಕು; ಸ್ಟ್ಯಾಕ್ ಪಾಯಿಂಟರ್ ಬಿಟ್ಟು ಉಳಿದ ಸಾಮಾನ್ಯ ರಿಜಿಸ್ಟರ್‌ಗಳಲ್ಲಿ ಇದ್ದದ್ದೆಲ್ಲ ಕರೆಯಾದ ಮೇಲೆ ಹೋಯಿತೆಂದೇ ಲೆಕ್ಕ.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು. ಒಳಗೆ ಏನಿದೆ ಎಂದು ಗೊತ್ತಿಲ್ಲದ ಕರೆ ಕಂಪೈಲರ್‌ಗೆ ಗೋಡೆಯಿದ್ದಂತೆ. ಆ ಫಂಕ್ಷನ್ ಯಾವ ಗ್ಲೋಬಲ್ ವೇರಿಯೇಬಲ್ ಬದಲಿಸಿತೋ ತಿಳಿಯದು, ಹಾಗಾಗಿ ರಿಜಿಸ್ಟರ್‌ನಲ್ಲಿ ಇಟ್ಟುಕೊಂಡಿದ್ದ ಗ್ಲೋಬಲ್‌ಗಳನ್ನು ಕರೆಗೆ ಮೊದಲು ಮೆಮೊರಿಗೆ ಬರೆದು, ಕರೆಯಾದ ಮೇಲೆ ಮತ್ತೆ ಓದಬೇಕು. ಲೂಪ್ ವೆಕ್ಟರೈಸ್ ಆಗುವುದಿಲ್ಲ, ಅಂದರೆ ಹಲವು ಸುತ್ತುಗಳ ಕೆಲಸ ಒಟ್ಟಿಗೆ ನಡೆಯುವುದಿಲ್ಲ. ಇನ್‌ಲೈನ್ ಮಾಡುವುದರ ಮುಖ್ಯ ಲಾಭ ಆರು ಬೈಟ್ ಉಳಿಸುವುದಲ್ಲ, ಈ ಗೋಡೆ ಒಡೆಯುವುದು.

ಓ0ದಿಂದ ಓ2ಗೆ ಹೋದಾಗ ಕರೆಗಳಿಗೆ ಏನಾಗುತ್ತದೆ?

ಓ0ದಿಂದ ಓ3ರವರೆಗಿನವು ಆಪ್ಟಿಮೈಸೇಶನ್‌ನ ಹಂತಗಳು, ಓ0 ಅತಿ ಕಡಿಮೆ. ಒಂದು ಸಂಖ್ಯೆಯ ವರ್ಗ ಕೊಡುವ ಪುಟ್ಟ ಫಂಕ್ಷನ್ ತೆಗೆದುಕೊಳ್ಳಿ. ಓ0ದಲ್ಲಿ ಅದು ಏಳು ಇನ್‌ಸ್ಟ್ರಕ್ಷನ್: ಆರ್‌ಬಿಪಿಯನ್ನು ಪುಶ್ ಮಾಡು, ಸ್ಟ್ಯಾಕ್ ಪಾಯಿಂಟರನ್ನು ಅದಕ್ಕೆ ನಕಲಿಸು, ಇಡಿಐನಲ್ಲಿ (ಇದು ಆರ್‌ಡಿಐನ ಕೆಳಗಿನ 32 ಬಿಟ್; ಇಎಎಕ್ಸ್ ಹಾಗೇ ಆರ್‌ಎಎಕ್ಸ್‌ನದು) ಬಂದ ಸಂಖ್ಯೆಯನ್ನು ಸ್ಟ್ಯಾಕ್‌ಗೆ ಬರೆ, ಅದನ್ನೇ ಇಎಎಕ್ಸ್‌ಗೆ ಓದು, ಗುಣಿಸು, ಆರ್‌ಬಿಪಿಯನ್ನು ಪಾಪ್ ಮಾಡು, ರೆಟ್. ಓ2ನಲ್ಲಿ ಮೂರೇ: ಇಡಿಐಯನ್ನು ಇಡಿಐನಿಂದ ಗುಣಿಸು, ಇಎಎಕ್ಸ್‌ಗೆ ಸಾಗಿಸು, ರೆಟ್. ಅದನ್ನು ಅದೇ ಕಡತದಲ್ಲಿ ಕರೆದಿದ್ದರೆ ಆ ಮೂರೂ ಕರೆದ ಜಾಗದಲ್ಲೇ ಕರಗಿ ಒಂದು ಗುಣಾಕಾರ ಉಳಿಯುತ್ತದೆ. ಸ್ಥಿರ ಸಂಖ್ಯೆ ಕೊಟ್ಟಿದ್ದರೆ ಅದೂ ಇಲ್ಲ, ಉತ್ತರವೇ ಕೋಡ್‌ನಲ್ಲಿ ಕೂರುತ್ತದೆ.

(ಉಬುಂಟುವಿನ ಜಿಸಿಸಿ ಪ್ರತಿ ಫಂಕ್ಷನ್‌ನ ಶುರುವಿನಲ್ಲಿ ನಾಲ್ಕು ಬೈಟ್‌ನ ಎಂಡ್‌ಬಿಆರ್64 ಸೇರಿಸುತ್ತದೆ. ಅದು ಸಿಎಫ್-ಪ್ರೊಟೆಕ್ಷನ್ ಆಯ್ಕೆಯ ಫಲ. ಎಣಿಕೆ ಒಂದು ಹೆಚ್ಚಾದರೆ ಗಾಬರಿ ಬೇಡ.)

ಹಂತಗಳ ಲೆಕ್ಕ ಹೀಗಿದೆ. ಓ1ರಿಂದಲೇ ಫ್ರೇಮ್ ಪಾಯಿಂಟರ್ (ಆರ್‌ಬಿಪಿಯನ್ನು ಸ್ಟ್ಯಾಕ್‌ನ ಗುರುತಾಗಿ ಇಡುವುದು) ಕೈಬಿಡುತ್ತದೆ, ಒಂದೇ ಕಡೆಯಿಂದ ಕರೆಯುವ ಸ್ಟ್ಯಾಟಿಕ್ ಫಂಕ್ಷನ್‌ಗಳು ಇನ್‌ಲೈನ್ ಆಗುತ್ತವೆ. ಓ2 ಟೇಲ್ ಕಾಲ್ (ಮುಂದೆ ವಿವರಿಸಿದೆ), ಸ್ಥಿರ ಆರ್ಗ್ಯುಮೆಂಟ್‌ಗಳ ಬೆಲೆಯನ್ನು ಫಂಕ್ಷನ್‌ನೊಳಗೇ ನೆಡುವುದು, ಬೇಡದ ಆರ್ಗ್ಯುಮೆಂಟ್ ಕಿತ್ತುಹಾಕುವುದು ಇವನ್ನು ಸೇರಿಸುತ್ತದೆ. ಇನ್‌ಲೈನ್ ಎಂದು ಬರೆಯದ ಫಂಕ್ಷನ್‌ಗಳನ್ನು ಕಂಪೈಲರ್ ತಾನಾಗಿ ಇನ್‌ಲೈನ್ ಮಾಡುವ ಇನ್‌ಲೈನ್-ಫಂಕ್ಷನ್ಸ್ ಆಯ್ಕೆ ಹಿಂದೆ ಓ3ಕ್ಕೆ ಸೇರಿತ್ತು; ಜಿಸಿಸಿ 10ರಿಂದ ಓ2ನಲ್ಲೂ ಇದೆ, ಆದರೆ ಕಡಿಮೆ ಮಿತಿಯೊಂದಿಗೆ. ಮ್ಯಾಕ್ಸ್-ಇನ್‌ಲೈನ್-ಇನ್ಸನ್ಸ್-ಆಟೋ ಎಂಬ ಆ ಮಿತಿ ಓ2ನಲ್ಲಿ 15, ಓ3ನಲ್ಲಿ 30. ಇದು ಕಂಪೈಲರ್‌ನ ಒಳಗಿನ ಅಂದಾಜು ಲೆಕ್ಕ. ಕೊನೆಗೆ ಬರುವ ಅಸೆಂಬ್ಲಿ ಸಾಲುಗಳ ಎಣಿಕೆಯಲ್ಲ.

ಇನ್‌ಲೈನ್ ಎಂದು ಬರೆದಿದ್ದೇನೆ, ಆದರೂ ಕರೆ ಹಾಗೇ ಇದೆ. ಏಕೆ?

ಆ ಪದ ಕಂಪೈಲರ್‌ಗೆ ಬರೀ ಸಲಹೆ. ಜಿಸಿಸಿ ಅದನ್ನು ಕಂಡಾಗ ಗಾತ್ರದ ಮಿತಿಯನ್ನು ಸಡಿಲಿಸುತ್ತದೆಯೇ ಹೊರತು ಕಡ್ಡಾಯ ಎಂದುಕೊಳ್ಳುವುದಿಲ್ಲ. ಕಾರಣ ತಿಳಿಯಲು ಆಪ್ಟ್-ಇನ್‌ಫೋ-ಇನ್‌ಲೈನ್-ಮಿಸ್ಡ್ ಆಯ್ಕೆ ಹಾಕಿ ಕಂಪೈಲ್ ಮಾಡಿ. ಸಾಮಾನ್ಯವಾಗಿ ಸಿಗುವ ಉತ್ತರ ಮೂರು: ಫಂಕ್ಷನ್‌ನ ಒಡಲು ಈ ಕಡತದಲ್ಲಿ ಸಿಗುತ್ತಿಲ್ಲ, ಗಾತ್ರದ ಮಿತಿ ಮೀರಿತು, ಈ ಕರೆ ನಡೆಯುವ ಸಂಭವ ಕಡಿಮೆ ಮತ್ತು ಇನ್‌ಲೈನ್ ಮಾಡಿದರೆ ಕೋಡ್ ದಪ್ಪವಾಗುತ್ತದೆ. ಮೊದಲನೆಯದಕ್ಕೆ ಮದ್ದು ಒಡಲನ್ನು ಹೆಡರ್‌ಗೆ ತರುವುದು, ಇಲ್ಲವೇ ಎಲ್‌ಟಿಒ (ಲಿಂಕ್ ಮಾಡುವಾಗ ಎಲ್ಲ ಕಡತಗಳನ್ನು ಒಟ್ಟಿಗೆ ಆಪ್ಟಿಮೈಸ್ ಮಾಡುವುದು). ಮೂರನೆಯ ಉತ್ತರ ಬಂದರೆ ಕಂಪೈಲರ್ ಹೇಳುವುದನ್ನು ಕೇಳುವುದೇ ಒಳ್ಳೆಯದು.

ಕ್ಲ್ಯಾಂಗ್‌ನಲ್ಲಿ ಇದೇ ಕೆಲಸಕ್ಕೆ ಆರ್‌ಪಾಸ್-ಮಿಸ್ಡ್ ಆಯ್ಕೆಗೆ ಇನ್‌ಲೈನ್ ಎಂಬ ಬೆಲೆ ಕೊಡಬೇಕು.

ಓ2ನಲ್ಲಿ ಲಿಂಕ್ ಆಗುವ ಸಿ ಕೋಡ್ ಓ0ದಲ್ಲಿ "ಅನ್‌ಡಿಫೈನ್ಡ್ ರೆಫರೆನ್ಸ್" ಎನ್ನುತ್ತದೆ. ಹೇಗೆ ಸಾಧ್ಯ?

ಸಿ99ರ ನಿಯಮದಲ್ಲಿ ಬರೀ ಇನ್‌ಲೈನ್ ಎಂದು ಬರೆದ ಫಂಕ್ಷನ್‌ಗೆ ಆಬ್ಜೆಕ್ಟ್ ಕಡತದಲ್ಲಿ ಹೊರಗಿನ ಪ್ರತಿ ಹುಟ್ಟುವುದಿಲ್ಲ. ಓ2ನಲ್ಲಿ ಕರೆಯೇ ಕರಗಿಹೋಗುವುದರಿಂದ ಆ ಪ್ರತಿಯ ಅಗತ್ಯ ಬೀಳುವುದಿಲ್ಲ. ಓ0ದಲ್ಲಿ ಇನ್‌ಲೈನ್ ಆಗದೆ ನಿಜವಾದ ಕರೆ ಉಳಿಯುತ್ತದೆ, ಅದಕ್ಕೆ ಗುರಿ ಸಿಗುವುದಿಲ್ಲ. ಜಿಸಿಸಿ 5ರಲ್ಲಿ ಪೂರ್ವನಿಯೋಜಿತ ಭಾಷೆ ಗ್ನೂ89ರಿಂದ ಗ್ನೂ11ಕ್ಕೆ ಬದಲಾದಾಗ ಹಳೆಯ ಎಷ್ಟೋ ಕೋಡ್ ಹೀಗೆ ಎಡವಿತು.

ಸರಿಪಡಿಸಲು ಹೆಡರ್‌ನಲ್ಲಿ ಸ್ಟ್ಯಾಟಿಕ್ ಇನ್‌ಲೈನ್ ಎಂದು ಬರೆಯಿರಿ. ಅಥವಾ ಒಂದೇ ಒಂದು ಸಿ ಕಡತದಲ್ಲಿ ಎಕ್ಸ್‌ಟರ್ನ್ ಇನ್‌ಲೈನ್ ಘೋಷಣೆ ಹಾಕಿ. ಸಿ++ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಲಿಂಕರ್ ನಕಲುಗಳನ್ನು ಒಂದಾಗಿಸುತ್ತದೆ.

ಆಲ್ವೇಸ್_ಇನ್‌ಲೈನ್ ಹಾಕಿದರೆ ಖಂಡಿತ ಇನ್‌ಲೈನ್ ಆಗುತ್ತದೆಯೇ?

ನೇರ ಕರೆಯಾದರೆ ಓ0ದಲ್ಲೂ ಆಗುತ್ತದೆ. ಆಗದಿದ್ದರೆ ಕಂಪೈಲ್ ದೋಷ ಬರುತ್ತದೆ. ಜೊತೆಗೆ ಇನ್‌ಲೈನ್ ಪದವನ್ನೂ ಬರೆಯಿರಿ, ಇಲ್ಲದಿದ್ದರೆ ಜಿಸಿಸಿ ಎಚ್ಚರಿಕೆ ಕೊಡುತ್ತದೆ. ಆ ಫಂಕ್ಷನ್‌ನ ವಿಳಾಸವನ್ನು ಪಾಯಿಂಟರ್‌ನಲ್ಲಿಟ್ಟು ಕರೆದಾಗ ಇನ್‌ಲೈನ್ ಆಗದೇ ಹೋಗಬಹುದು, ಆಗ ದೋಷವೂ ಬಾರದಿರಬಹುದು.

ಹೆಚ್ಚು ಜನರನ್ನು ಕಾಡುವ ದೋಷ "ಟಾರ್ಗೆಟ್ ಸ್ಪೆಸಿಫಿಕ್ ಆಪ್ಷನ್ ಮಿಸ್‌ಮ್ಯಾಚ್". ಎವಿಎಕ್ಸ್2 ಎಂಬ ವೆಕ್ಟರ್ ಇನ್‌ಸ್ಟ್ರಕ್ಷನ್‌ಗಳನ್ನು ಸಿಯಿಂದ ಬಳಸಲು ಇರುವ ಪುಟ್ಟ ಫಂಕ್ಷನ್‌ಗಳಾದ ಇಂಟ್ರಿನ್ಸಿಕ್‌ಗಳು ಹೆಡರ್‌ನಲ್ಲಿ ಆಲ್ವೇಸ್_ಇನ್‌ಲೈನ್ ಆಗಿ ಬರೆದಿರುತ್ತವೆ. ಅವನ್ನು ಕರೆಯುವ ನಿಮ್ಮ ಫಂಕ್ಷನ್‌ಗೆ ಎವಿಎಕ್ಸ್2 ಅನುಮತಿ ಇಲ್ಲದಿದ್ದರೆ ಒಳಗೆ ಸೇರಿಸಲಾಗದು. ಎಂಎವಿಎಕ್ಸ್2 ಆಯ್ಕೆ ಹಾಕಿ, ಅಥವಾ ಆ ಒಂದು ಫಂಕ್ಷನ್‌ಗೆ ಮಾತ್ರ ಟಾರ್ಗೆಟ್ ಆಟ್ರಿಬ್ಯೂಟ್ ಕೊಡಿ. ಎರಡನೆಯದೇ ಮೇಲು, ಇಡೀ ಕಡತಕ್ಕೆ ಎವಿಎಕ್ಸ್2 ಕೊಟ್ಟರೆ ಹಳೆಯ ಪ್ರೊಸೆಸರ್ ಮೇಲೆ ಎಲ್ಲೋ ಸಂಬಂಧವಿಲ್ಲದ ಫಂಕ್ಷನ್‌ನಲ್ಲಿ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಬೀಳುತ್ತದೆ.

ನೋಇನ್‌ಲೈನ್ ಹಾಕಿದ ಮೇಲೂ ಕರೆ ಮಾಯವಾಗಿದೆ!

ನೋಇನ್‌ಲೈನ್ ತಡೆಯುವುದು ಇನ್‌ಲೈನ್ ಮಾಡುವುದನ್ನು ಮಾತ್ರ. ಫಂಕ್ಷನ್‌ಗೆ ಬೇರೆ ಪರಿಣಾಮವೇನೂ ಇಲ್ಲ, ಫಲಿತಾಂಶ ಯಾರೂ ಬಳಸುತ್ತಿಲ್ಲ ಎಂದು ಕಂಪೈಲರ್ ಕಂಡುಕೊಂಡರೆ ಕರೆಯನ್ನೇ ಅಳಿಸುತ್ತದೆ. ವೇಗ ಅಳೆಯಲು ಬರೆದ ಪರೀಕ್ಷೆ "ಸೊನ್ನೆ ನ್ಯಾನೊಸೆಕೆಂಡ್" ತೋರಿಸುವುದು ಹೀಗೆ. ಫಂಕ್ಷನ್‌ನ ಒಳಗೆ ಖಾಲಿ ಎಎಸ್‌ಎಂ (ಅಸೆಂಬ್ಲಿ) ವಾಕ್ಯ ಇಡಿ ಎಂದು ಜಿಸಿಸಿ ಕೈಪಿಡಿಯೇ ಸೂಚಿಸುತ್ತದೆ. ಅಳತೆಯ ಲೂಪ್‌ನಲ್ಲಾದರೆ ಫಲಿತಾಂಶವನ್ನು ವೊಲಟೈಲ್ ಎಎಸ್‌ಎಂ ವಾಕ್ಯಕ್ಕೆ ಇನ್‌ಪುಟ್ ಆಗಿ ಕೊಟ್ಟು, ಮೆಮೊರಿ ಕ್ಲಾಬರ್ (ಮೆಮೊರಿ ಬದಲಾಗಿರಬಹುದು ಎಂಬ ಸೂಚನೆ) ಸೇರಿಸುವುದು ವಾಡಿಕೆ.

ಕರೆ ಉಳಿದಿದ್ದರೂ ಅದು ನೀವು ಬರೆದ ಫಂಕ್ಷನ್‌ಗೇ ಹೋಗಬೇಕೆಂದಿಲ್ಲ, ಅದರ ತಿದ್ದಿದ ಪ್ರತಿಗೆ ಹೋಗಬಹುದು. ಅದನ್ನು ತಡೆಯಲು ನೋಕ್ಲೋನ್. ಜಿಸಿಸಿ 8ರಿಂದ ಬಂದ ನೋಐಪಿಎ ಇನ್ನೂ ಬಿಗಿ: ಕರೆಯುವವನಿಗೂ ಕರೆಸಿಕೊಳ್ಳುವವನಿಗೂ ನಡುವೆ ಯಾವ ಮಾಹಿತಿಯೂ ದಾಟದಂತೆ ಮಾಡುತ್ತದೆ. ಕಂಪೈಲರನ್ನೇ ಪರೀಕ್ಷಿಸುವವರಿಗಾಗಿ ಹುಟ್ಟಿದ್ದು ಅದು, ಅಳತೆಯ ಕೋಡ್‌ಗೂ ಚೆನ್ನಾಗಿ ಒಗ್ಗುತ್ತದೆ.

ಹೆಸರಿನ ಕೊನೆಗೆ ಕಾನ್ಸ್ಟ್‌ಪ್ರಾಪ್, ಐಎಸ್‌ಆರ್‌ಎ, ಪಾರ್ಟ್, ಕೋಲ್ಡ್ ಎಂದು ಅಂಟಿಕೊಂಡಿರುವುದು ಏನು?

ಅವೇ ಆ ತಿದ್ದಿದ ಪ್ರತಿಗಳು. ಕಾನ್ಸ್ಟ್‌ಪ್ರಾಪ್ ಎಂದರೆ ಯಾವುದೋ ಆರ್ಗ್ಯುಮೆಂಟ್ ಸದಾ ಒಂದೇ ಬೆಲೆ ಪಡೆಯುತ್ತಿದ್ದುದರಿಂದ ಅದನ್ನು ಒಳಗೇ ನೆಟ್ಟ ಪ್ರತಿ. ಐಎಸ್‌ಆರ್‌ಎ ಎಂದರೆ ಆರ್ಗ್ಯುಮೆಂಟ್‌ಗಳ ಸ್ವರೂಪವೇ ಬದಲಾಗಿದೆ: ಬಳಸದ್ದನ್ನು ಕಿತ್ತು, ಸ್ಟ್ರಕ್ಟ್‌ನ ಪಾಯಿಂಟರ್ ಬದಲು ಅದರ ಒಂದು ಫೀಲ್ಡನ್ನೇ ನೇರ ಕಳಿಸುತ್ತಿದೆ. ಪಾರ್ಟ್ ಎಂದರೆ ಫಂಕ್ಷನ್‌ನ ಮೊದಲ ಪರೀಕ್ಷೆಯಷ್ಟೇ ಇನ್‌ಲೈನ್ ಆಗಿ ಉಳಿದ ಒಡಲು ಬೇರೆಯಾಗಿದೆ. ಕೋಲ್ಡ್ ಎಂದರೆ ಅಪರೂಪಕ್ಕೆ ಓಡುವ ತುಂಡು ದೂರಕ್ಕೆ ಸರಿದಿದೆ.

ಓಡುತ್ತಿರುವ ಲಿನಕ್ಸ್ ಕರ್ನಲ್‌ನ ಫಂಕ್ಷನ್‌ಗಳನ್ನು ಗಮನಿಸಲು ಕೆಪ್ರೋಬ್ ಅಥವಾ ಬಿಪಿಎಫ್ ಹಾಕುವವರಿಗೆ ಇದು ನೇರವಾಗಿ ತಟ್ಟುತ್ತದೆ. ಸ್ಟ್ಯಾಟಿಕ್ ಫಂಕ್ಷನ್‌ನ ಹೆಸರಿಗೆ ಪ್ರೋಬ್ ಹಾಕಿದರೆ ಹೆಸರೇ ಇಲ್ಲ ಎಂದು ಬರಬಹುದು. ಇನ್ನೂ ಕೆಟ್ಟದ್ದು, ಕೆಲವು ಕರೆಗಳು ಇನ್‌ಲೈನ್ ಆಗಿ ಕೆಲವು ಉಳಿದಿದ್ದರೆ ಪ್ರೋಬ್ ಕೂತು, ಅರ್ಧ ಘಟನೆಗಳನ್ನಷ್ಟೇ ತೋರಿಸುತ್ತದೆ. ಮೊದಲು ಪ್ರೋಕ್ ಅಡಿಯ ಕಾಲ್‌ಸಿಮ್ಸ್ ಕಡತದಲ್ಲಿ ಹೆಸರನ್ನು ಹುಡುಕಿ. ಐಎಸ್‌ಆರ್‌ಎ ಪ್ರತಿ ಸಿಕ್ಕರೆ ಮೊದಲ ಆರ್ಗ್ಯುಮೆಂಟ್ ಆರ್‌ಡಿಐನಲ್ಲೇ ಇದೆ ಎಂದು ನಂಬಬೇಡಿ.

ಪ್ಯೂರ್ ಮತ್ತು ಕಾನ್ಸ್ಟ್ ಆಟ್ರಿಬ್ಯೂಟ್‌ಗಳಿಗೆ ವ್ಯತ್ಯಾಸವೇನು? ತಪ್ಪಿ ಹಾಕಿದರೆ ಏನಾಗುತ್ತದೆ?

ಇಲ್ಲಿ ನಿಧಾನವಾಗಿ ಓದಿ. ಈ ಪುಟದಲ್ಲಿ ಅತಿ ಹೆಚ್ಚು ಹಾನಿ ಮಾಡಬಲ್ಲ ಎರಡು ಪದಗಳು ಇವು.

ಪ್ಯೂರ್ ಎಂದರೆ: ಈ ಫಂಕ್ಷನ್ ಫಲಿತಾಂಶ ಕೊಡುವುದನ್ನು ಬಿಟ್ಟು ಹೊರಗೆ ಏನನ್ನೂ ಬದಲಿಸುವುದಿಲ್ಲ, ಆದರೆ ಮೆಮೊರಿ ಓದಬಹುದು. ಸ್ಟ್ರ್‌ಲೆನ್, ಮೆಮ್‌ಕಂಪ್ ಈ ಜಾತಿ. ಕಾನ್ಸ್ಟ್ ಎಂದರೆ ಇನ್ನೂ ಕಟ್ಟುನಿಟ್ಟು: ಉತ್ತರ ಆರ್ಗ್ಯುಮೆಂಟ್‌ಗಳ ಬೆಲೆಯನ್ನು ಮಾತ್ರ ಅವಲಂಬಿಸಿದೆ, ಬದಲಾಗಬಹುದಾದ ಮೆಮೊರಿಯನ್ನು ಓದುವುದೇ ಇಲ್ಲ. ಪೂರ್ಣಾಂಕದ ಆಬ್ಸ್ ಈ ಜಾತಿ. ಪಾಯಿಂಟರ್ ತೆಗೆದುಕೊಂಡು ಅದು ತೋರಿಸುವ ಜಾಗವನ್ನು ಓದುವ ಫಂಕ್ಷನ್ ಸಾಮಾನ್ಯವಾಗಿ ಕಾನ್ಸ್ಟ್ ಆಗಲಾರದು.

ಲಾಭ ಎಲ್ಲಿದೆ ನೋಡಿ. ಲೂಪ್‌ನ ಷರತ್ತಿನಲ್ಲಿ ಸ್ಟ್ರ್‌ಲೆನ್ ಕರೆದಿದ್ದೀರಿ, ಲೂಪ್‌ನ ಒಳಗೆ ಅಕ್ಷರಗಳನ್ನು ಎಣಿಸುತ್ತೀರಿ ಅಷ್ಟೆ. ಮೆಮೊರಿ ಬದಲಾಗುತ್ತಿಲ್ಲ, ಹಾಗಾಗಿ ಕಂಪೈಲರ್ ಸ್ಟ್ರ್‌ಲೆನ್ ಅನ್ನು ಲೂಪ್‌ನ ಹೊರಗೆ ತಂದು ಒಮ್ಮೆ ಕರೆಯಬಹುದು. ಈಗ ಒಳಗೆ ಆ ಅಕ್ಷರಗಳನ್ನೇ ದೊಡ್ಡಕ್ಷರ ಮಾಡಿ ಬರೆಯುವ ಒಂದು ಸಾಲು ಸೇರಿಸಿ. ಬರೆದದ್ದು ಸೊನ್ನೆಯೂ ಆಗಿರಬಹುದು, ಆಗ ಉದ್ದ ಬದಲಾದೀತು. ಹಾಗಾಗಿ ಕರೆ ಪ್ರತಿ ಸುತ್ತಿಗೂ ಉಳಿಯುತ್ತದೆ. ಒಂದು ಲಕ್ಷ ಅಕ್ಷರದ ಸ್ಟ್ರಿಂಗ್‌ಗೆ ಲಕ್ಷ ಸಲ ಲಕ್ಷ ಅಕ್ಷರ ಓದಿದಂತಾಯಿತು. ಉದ್ದವನ್ನು ಮೊದಲೇ ಒಂದು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಿ. ಇಲ್ಲಿ ಆಟ್ರಿಬ್ಯೂಟ್ ನಿಮ್ಮನ್ನು ಕಾಪಾಡುವುದಿಲ್ಲ.

ಈಗ ಹಾನಿ. "ಸಿದ್ಧವಾಗಿದೆಯೇ" ಎಂದು ಗ್ಲೋಬಲ್ ಫ್ಲ್ಯಾಗ್ ಓದಿ ಹೇಳುವ ಫಂಕ್ಷನ್ ಬೇರೆ ಕಡತದಲ್ಲಿದೆ. ಅದನ್ನು ಕಾನ್ಸ್ಟ್ ಎಂದು ಘೋಷಿಸಿ, ಸಿದ್ಧವಾಗುವವರೆಗೆ ವೈಲ್ ಲೂಪ್‌ನಲ್ಲಿ ಕಾಯುತ್ತೀರಿ. ಓ0ದಲ್ಲಿ ಸರಿಯಾಗಿ ಓಡುತ್ತದೆ. ಓ2ನಲ್ಲಿ ಕಂಪೈಲರ್ ಒಮ್ಮೆ ಕರೆದು, ಉತ್ತರ "ಇಲ್ಲ" ಎಂದಾದರೆ ಅಲ್ಲೇ ಶಾಶ್ವತವಾಗಿ ಸುತ್ತುತ್ತದೆ. ಪ್ಯೂರ್ ಹಾಕಿದ್ದರೂ ಗತಿ ಅದೇ, ಏಕೆಂದರೆ ಖಾಲಿ ಲೂಪ್‌ನಲ್ಲಿ ಮೆಮೊರಿ ಬದಲಿಸುವುದು ಏನೂ ಇಲ್ಲ. ಬೇರೆ ಥ್ರೆಡ್ ಅಥವಾ ಇಂಟರಪ್ಟ್ ಬದಲಿಸುವ ಬೆಲೆಯನ್ನು ಓದುವ ಫಂಕ್ಷನ್‌ಗೆ ಎರಡೂ ಸಲ್ಲದು. ಒಳಗೆ ಲಾಗ್ ಬರೆಯುವ ಫಂಕ್ಷನ್‌ಗೂ ಸಲ್ಲದು. ಫಲಿತಾಂಶ ಬಳಸದಿದ್ದ ಕಡೆ ಲಾಗ್ ಸಾಲೂ ಕರೆಯ ಜೊತೆ ಹೋಗುತ್ತದೆ.

ಮಾತು ಪೂರ್ತಿ ನಿಜವಾಗಿದ್ದೂ ಎಡವಟ್ಟಾಗುವ ಒಂದು ಪ್ರಸಂಗವಿದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ, ದೋಷದ ಸಂಖ್ಯೆ ಇಡುವ ಎರ್ನೋ ಎಂಬುದು ನಿಜದಲ್ಲಿ ಎರ್ನೋ_ಲೊಕೇಶನ್ ಫಂಕ್ಷನ್‌ನ ಕರೆ, ಅದು ಈ ಥ್ರೆಡ್‌ನ ಎರ್ನೋ ವಿಳಾಸ ಕೊಡುತ್ತದೆ, ಮತ್ತು ಅದನ್ನು ಕಾನ್ಸ್ಟ್ ಎಂದು ಘೋಷಿಸಿದ್ದಾರೆ. ಒಂದು ಫಂಕ್ಷನ್ ಶುರುವಿನಿಂದ ಕೊನೆಯವರೆಗೆ ಒಂದೇ ಥ್ರೆಡ್‌ನಲ್ಲಿ ಓಡುವವರೆಗೂ ಇದು ಸರಿ. ಕೊರೂಟಿನ್ ಲೈಬ್ರರಿಗಳು ಫಂಕ್ಷನ್ನನ್ನು ಮಧ್ಯದಲ್ಲಿ ನಿಲ್ಲಿಸಿ ಬೇರೆ ಥ್ರೆಡ್‌ನಲ್ಲಿ ಮುಂದುವರಿಸಿದಾಗ, ಕಂಪೈಲರ್ ಇಟ್ಟುಕೊಂಡ ಹಳೆಯ ವಿಳಾಸ ಹಳೆಯ ಥ್ರೆಡ್‌ನದ್ದೇ ಆಗಿರುತ್ತದೆ. ಅಂಥ ಕೋಡ್‌ನಲ್ಲಿ ಎರ್ನೋ ಓದುವುದನ್ನು ಪ್ರತ್ಯೇಕ ನೋಇನ್‌ಲೈನ್ ಫಂಕ್ಷನ್‌ಗೆ ಹಾಕುವುದು ರೂಢಿ. ಎಲ್‌ಟಿಒ ಇದ್ದರೆ ಅದೂ ಸಾಲದು, ನೋಐಪಿಎ ಬೇಕು.

ಯಾವ ಫಂಕ್ಷನ್‌ಗೆ ಇವು ಒಪ್ಪುತ್ತವೆ ಎಂದು ತಿಳಿಯಲು ಸಜೆಸ್ಟ್-ಆಟ್ರಿಬ್ಯೂಟ್ ಎಚ್ಚರಿಕೆಗೆ ಪ್ಯೂರ್ ಅಥವಾ ಕಾನ್ಸ್ಟ್ ಬೆಲೆ ಕೊಟ್ಟು ಕಂಪೈಲ್ ಮಾಡಿ. ಒಡಲು ಕಣ್ಣೆದುರು ಇದ್ದರೆ ಜಿಸಿಸಿ ಇದನ್ನು ತಾನೇ ಕಂಡುಕೊಳ್ಳುತ್ತದೆ, ಆದ್ದರಿಂದ ಕೈಯಿಂದ ಬರೆಯುವ ಅಗತ್ಯ ಬೇರೆ ಕಡತದ ಫಂಕ್ಷನ್‌ಗಳಿಗೆ ಮಾತ್ರ. ಸಿ23 ಇದೇ ಬಗೆಯ ರೀಪ್ರೊಡ್ಯೂಸಿಬಲ್ ಮತ್ತು ಅನ್‌ಸೀಕ್ವೆನ್ಸ್ಡ್ ಆಟ್ರಿಬ್ಯೂಟ್‌ಗಳನ್ನು ಮಾನಕಕ್ಕೆ ತಂದಿದೆ. ಜಿಸಿಸಿ 15 ಅವನ್ನು ಒಪ್ಪುತ್ತದೆ.

ನೋರಿಟರ್ನ್ ಹಾಕಿದ ಫಂಕ್ಷನ್ ಹಿಂದಿರುಗಿಬಿಟ್ಟರೆ?

ಕರೆಯ ನಂತರ ಕಂಪೈಲರ್ ಏನನ್ನೂ ಬರೆದಿರುವುದಿಲ್ಲ, ರೆಟ್ ಕೂಡ. ಪ್ರೊಸೆಸರ್ ಮುಂದಿನ ಬೈಟ್‌ಗಳನ್ನು ಓಡಿಸುತ್ತದೆ, ಅದು ಪಕ್ಕದ ಫಂಕ್ಷನ್ ಆಗಿರಬಹುದು. ಎಂಬೆಡೆಡ್ ಕೆಲಸದಲ್ಲಿ ಅಸರ್ಟ್ ಹ್ಯಾಂಡ್ಲರ್ ಬರೆಯುವಾಗ ಇದು ಆಗುತ್ತದೆ: ಹ್ಯಾಂಡ್ಲರ್‌ನಲ್ಲಿ ಬ್ರೇಕ್‌ಪಾಯಿಂಟ್ ಇನ್‌ಸ್ಟ್ರಕ್ಷನ್ ಇಟ್ಟು, ಡಿಬಗರ್‌ನಲ್ಲಿ "ಮುಂದುವರಿಸು" ಒತ್ತಿದರೆ ಹ್ಯಾಂಡ್ಲರ್ ಮರಳುತ್ತದೆ. ಕೊನೆಗೆ ಒಂದು ಅನಂತ ಲೂಪ್ ಇಡಿ.

ಅಬಾರ್ಟ್‌ನಂಥ ಫಂಕ್ಷನ್‌ಗಳ ಕರೆಯನ್ನು ಜಿಸಿಸಿ ಟೇಲ್ ಕಾಲ್ ಮಾಡುವುದಿಲ್ಲ. ಮಾಡಿದ್ದರೆ ಯಾರು ಕರೆದರು ಎಂಬುದು ಬ್ಯಾಕ್‌ಟ್ರೇಸ್‌ನಿಂದ ಅಳಿಸಿಹೋಗುತ್ತಿತ್ತು. ನೀವೇ ಬ್ಯಾಕ್‌ಟ್ರೇಸ್ ಬರೆಯುತ್ತಿದ್ದರೆ, ಹೆಸರು ಹುಡುಕುವ ಮುನ್ನ ಹಿಂದಿರುಗುವ ವಿಳಾಸದಿಂದ ಒಂದು ಕಳೆಯಿರಿ. ನೋರಿಟರ್ನ್ ಕರೆ ಫಂಕ್ಷನ್‌ನ ಕಟ್ಟಕಡೆಯಲ್ಲಿದ್ದರೆ ಆ ವಿಳಾಸ ಮುಂದಿನ ಫಂಕ್ಷನ್‌ಗೆ ಸೇರಿರುತ್ತದೆ.

ಟೇಲ್ ಕಾಲ್ ಯಾವಾಗ ಆಗುತ್ತದೆ? ಖಾತರಿ ಬೇಕಾದರೆ?

ಫಂಕ್ಷನ್‌ನ ಕೊನೆಯ ಕೆಲಸ ಇನ್ನೊಂದನ್ನು ಕರೆದು ಅದರ ಉತ್ತರವನ್ನೇ ಹಿಂದಿರುಗಿಸುವುದಾದರೆ, ಕಾಲ್ ಮತ್ತು ರೆಟ್ ಬದಲು ಒಂದು ಜಂಪ್ ಸಾಕು. ಓ2, ಓ3 ಮತ್ತು ಗಾತ್ರ ಇಳಿಸುವ ಓಎಸ್‌ನಲ್ಲಿ ಆಪ್ಟಿಮೈಸ್-ಸಿಬ್ಲಿಂಗ್-ಕಾಲ್ಸ್ ಆಯ್ಕೆ ಇದನ್ನು ಮಾಡುತ್ತದೆ. ಅಡ್ಡಿಗಳು ಮೂರು ನಾಲ್ಕು: ಲೋಕಲ್ ವೇರಿಯೇಬಲ್‌ನ ವಿಳಾಸ ಹೊರಗೆ ಹೋಗಿರುವುದು, ಸಿ++ನಲ್ಲಿ ಕರೆಯ ನಂತರ ಡಿಸ್ಟ್ರಕ್ಟರ್ ಓಡಬೇಕಿರುವುದು, ಹೊಸ ಕರೆಯ ಸ್ಟ್ಯಾಕ್ ಆರ್ಗ್ಯುಮೆಂಟ್‌ಗಳು ನಮಗೆ ಬಂದ ಜಾಗದಲ್ಲಿ ಹಿಡಿಸದಿರುವುದು.

ಒಂದರಿಂದ ಎನ್‌ವರೆಗೆ ರಿಕರ್ಷನ್‌ನಿಂದ ಕೂಡುವ ಫಂಕ್ಷನ್ ತೆಗೆದುಕೊಳ್ಳಿ. ಓ0ದಲ್ಲಿ ಪ್ರತಿ ಕರೆಗೆ 32 ಬೈಟ್ ಸ್ಟ್ಯಾಕ್: ಹಿಂದಿರುಗುವ ವಿಳಾಸ 8, ಆರ್‌ಬಿಪಿ 8, ಲೋಕಲ್ ಜಾಗ 16. ಲಿನಕ್ಸ್‌ನ ಸಾಮಾನ್ಯ 8 ಎಂಬಿ ಸ್ಟ್ಯಾಕ್ ಸುಮಾರು 2.6 ಲಕ್ಷ ಕರೆಗೆ ಮುಗಿದು ಸೆಗ್‌ಫಾಲ್ಟ್ ಆಗುತ್ತದೆ. ಅದು ಶುದ್ಧ ಟೇಲ್ ಕಾಲ್ ಅಲ್ಲದಿದ್ದರೂ, ಓ2ನಲ್ಲಿ ಜಿಸಿಸಿ ಕೂಡುವ ಮೊತ್ತವನ್ನು ಪಕ್ಕದಲ್ಲಿಟ್ಟುಕೊಂಡು ಲೂಪ್ ಮಾಡಿಬಿಡುತ್ತದೆ, ಹತ್ತು ಕೋಟಿಗೂ ಏನೂ ಆಗುವುದಿಲ್ಲ. ಈ ಸೌಕರ್ಯವನ್ನು ನಂಬಿ ಕೋಡ್ ಬರೆದರೆ ಡಿಬಗ್ ಬಿಲ್ಡ್ ಬೀಳುತ್ತದೆ.

ಖಾತರಿಗೆ ಮಸ್ಟ್‌ಟೇಲ್ ಆಟ್ರಿಬ್ಯೂಟ್. ಕ್ಲ್ಯಾಂಗ್ 13ರಲ್ಲಿ ಬಂತು, ಜಿಸಿಸಿ 15ರಲ್ಲೂ ಇದೆ. ಫಂಕ್ಷನ್‌ಗಲ್ಲ, ರಿಟರ್ನ್ ವಾಕ್ಯಕ್ಕೆ ಹಾಕಬೇಕು. ಸಾಧ್ಯವಾಗದಿದ್ದರೆ ಕಂಪೈಲ್ ದೋಷ ಬರುತ್ತದೆ. ಪೈಥಾನ್ 3.14ರ ಹೊಸ ಇಂಟರ್‌ಪ್ರಿಟರ್ ಬಗೆ ಇದನ್ನೂ ಕ್ಲ್ಯಾಂಗ್ 19ರ ಪ್ರಿಸರ್ವ್_ನನ್ ಆಟ್ರಿಬ್ಯೂಟನ್ನೂ ನೆಚ್ಚಿದೆ. ಅದರ ವೇಗದ ಮೊದಲ ಅಂಕಿಗಳು ತುಂಬ ದೊಡ್ಡದಾಗಿದ್ದವು. ಎಲ್‌ಎಲ್‌ವಿಎಂ 19ರ ಒಂದು ದೋಷ ಹಳೆಯ ಇಂಟರ್‌ಪ್ರಿಟರನ್ನು ನಿಧಾನಗೊಳಿಸಿದ್ದು ಆಮೇಲೆ ಬೆಳಕಿಗೆ ಬಂದು, ಲಾಭವನ್ನು ಶೇ 3ರಿಂದ 5 ಎಂದು ತಿದ್ದಿದರು. ಎರಡು ಅಳತೆಗಳ ನಡುವೆ ಕಂಪೈಲರ್ ಆವೃತ್ತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶೇರ್ಡ್ ಲೈಬ್ರರಿಯೊಳಗೆ ಒಂದೇ ಕಡತದ ಫಂಕ್ಷನ್‌ಗಳೂ ಇನ್‌ಲೈನ್ ಆಗುತ್ತಿಲ್ಲ. ಏನು ಕಾರಣ?

ಲಿನಕ್ಸ್‌ನ ಬೈನರಿ ಕಡತಗಳ ರೂಪವಾದ ಎಲ್ಫ್‌ನ ನಿಯಮದಂತೆ ಲೈಬ್ರರಿಯ ಯಾವುದೇ ಹೊರಗೆ ಕಾಣುವ ಫಂಕ್ಷನ್ನನ್ನು ಬೇರೆಯವರು ಬದಲಿಸಬಹುದು. ಬೇರೆ ಲೈಬ್ರರಿಯನ್ನು ಮೊದಲೇ ಲೋಡ್ ಮಾಡಿಸುವ ಎಲ್‌ಡಿ_ಪ್ರೀಲೋಡ್ ಕೆಲಸ ಮಾಡುವುದೇ ಇದರಿಂದ. ಶೇರ್ಡ್ ಲೈಬ್ರರಿಗೆ ಬೇಕಾದ ಪಿಕ್ ಆಯ್ಕೆಯೊಂದಿಗೆ ಕಂಪೈಲ್ ಮಾಡುವಾಗ ಜಿಸಿಸಿ ಈ ನಿಯಮವನ್ನು ಗೌರವಿಸಿ, ಇನ್‌ಲೈನ್ ಎಂದು ಬರೆಯದ ಅಂಥ ಫಂಕ್ಷನ್ನನ್ನು ಅದೇ ಕಡತದಲ್ಲಿ ಕರೆದರೂ ಪಿಎಲ್‌ಟಿ (ಓಡುವಾಗ ಸರಿಯಾದ ಫಂಕ್ಷನ್‌ಗೆ ಕಳಿಸುವ ಕೋಷ್ಟಕ) ಮೂಲಕ ಹೋಗುತ್ತದೆ. ಅಲ್ಲಿಂದ ಇನ್ನೊಂದು ಪರೋಕ್ಷ ಜಂಪ್. ಕ್ಲ್ಯಾಂಗ್ ಇಷ್ಟು ನಿಷ್ಠವಲ್ಲ, ಅದೇ ಕಡತದಲ್ಲಿದ್ದರೆ ಇನ್‌ಲೈನ್ ಮಾಡುತ್ತದೆ.

ಪರಿಹಾರಗಳಲ್ಲಿ ಒಳ್ಳೆಯದು ವಿಸಿಬಿಲಿಟಿ ಆಯ್ಕೆಗೆ ಹಿಡನ್ ಎಂಬ ಬೆಲೆ ಕೊಟ್ಟು ಎಲ್ಲವನ್ನೂ ಮುಚ್ಚಿ, ಹೊರಗೆ ಬೇಕಾದ ಫಂಕ್ಷನ್‌ಗಳಿಗಷ್ಟೇ ವಿಸಿಬಿಲಿಟಿ ಡಿಫಾಲ್ಟ್ ಆಟ್ರಿಬ್ಯೂಟ್ ಕೊಡುವುದು. ಹಳೆಯ ದೊಡ್ಡ ಲೈಬ್ರರಿಯಲ್ಲಿ ಅದು ಕಷ್ಟವಾದರೆ ನೋ-ಸೆಮ್ಯಾಂಟಿಕ್-ಇಂಟರ್‌ಪೊಸಿಷನ್ ಆಯ್ಕೆ ಇದೆ. ಪೈಥಾನ್ 3.10ರ ಆಪ್ಟಿಮೈಸ್ಡ್ ಬಿಲ್ಡ್‌ಗೆ ಈ ಒಂದು ಆಯ್ಕೆ ಸೇರಿಸಿದಾಗ, ಜಿಸಿಸಿಯಲ್ಲಿ ಶೇರ್ಡ್ ಆಗಿ ಕಟ್ಟಿದ ಇಂಟರ್‌ಪ್ರಿಟರ್ ಶೇ 30ರವರೆಗೆ ಚುರುಕಾಯಿತು. ಇದನ್ನು ಹಾಕಿದ ಮೇಲೆ ಎಲ್‌ಡಿ_ಪ್ರೀಲೋಡ್‌ನಿಂದ ನಿಮ್ಮ ಫಂಕ್ಷನ್ ಬದಲಿಸಿದವರಿಗೆ ಒಳಗಿನ ಕರೆಗಳು ಸಿಗುವುದಿಲ್ಲ; ಅಂಥ ಬಳಕೆದಾರರಿದ್ದರೆ ಮೊದಲೇ ತಿಳಿಸಿ.

ಅದೇ ಹೆಸರಿನ ಬೇರೆ ಫಂಕ್ಷನ್ ಬಂದರೆ ಜಾಗ ಬಿಟ್ಟುಕೊಡುವ ವೀಕ್ ಆಟ್ರಿಬ್ಯೂಟ್ ಹಾಕಿದ ಫಂಕ್ಷನ್ ಇದೇ ಕಾರಣಕ್ಕೆ ಎಲ್ಲಿಯೂ ಇನ್‌ಲೈನ್ ಆಗುವುದಿಲ್ಲ.

ನಾನೇ ಬರೆದ ಮೆಮ್‌ಸೆಟ್ ತನ್ನನ್ನು ತಾನೇ ಕರೆದು ಸ್ಟ್ಯಾಕ್ ತುಂಬಿಸುತ್ತಿದೆ!

ಬೂಟ್‌ಲೋಡರ್, ಪುಟ್ಟ ಕರ್ನಲ್ ಬರೆಯುವವರು ಇದನ್ನು ಖಂಡಿತ ಕಾಣುತ್ತಾರೆ. ನಿಮ್ಮ ಮೆಮ್‌ಸೆಟ್‌ನ ಒಡಲು ಒಂದು ಸರಳ ಲೂಪ್. "ಇದು ಜಾಗ ತುಂಬಿಸುವ ಲೂಪ್, ಮೆಮ್‌ಸೆಟ್ ಕರೆದರೆ ವೇಗ" ಎಂದು ಜಿಸಿಸಿ ಆ ಲೂಪನ್ನೇ ಮೆಮ್‌ಸೆಟ್ ಕರೆಯಾಗಿಸುತ್ತದೆ. ಸಿ ಲೈಬ್ರರಿ ಇಲ್ಲದ ಪರಿಸರಕ್ಕಾಗಿ ಇರುವ ಫ್ರೀಸ್ಟ್ಯಾಂಡಿಂಗ್ ಆಯ್ಕೆ ಇದನ್ನು ತಡೆಯುವುದಿಲ್ಲ, ಏಕೆಂದರೆ ಮೆಮ್‌ಸೆಟ್, ಮೆಮ್‌ಕಾಪಿ, ಮೆಮ್‌ಮೂವ್, ಮೆಮ್‌ಕಂಪ್ ಈ ನಾಲ್ಕು ಆಗಲೂ ಇರಲೇಬೇಕೆಂದು ಜಿಸಿಸಿಯ ನಿರೀಕ್ಷೆ. ಆ ಕಡತವೊಂದಕ್ಕೆ ನೋ-ಟ್ರೀ-ಲೂಪ್-ಡಿಸ್ಟ್ರಿಬ್ಯೂಟ್-ಪ್ಯಾಟರ್ನ್ಸ್ ಹಾಕಿ.

ಇದರ ಸೌಮ್ಯ ರೂಪ ಎಲ್ಲರೂ ಕಂಡಿರುತ್ತಾರೆ: ಹೊಸ ಸಾಲಿನಿಂದ ಮುಗಿಯುವ ಬರೀ ಸ್ಟ್ರಿಂಗ್‌ನ ಪ್ರಿಂಟ್‌ಎಫ್ ಅಸೆಂಬ್ಲಿಯಲ್ಲಿ ಪುಟ್ಸ್ ಆಗಿರುತ್ತದೆ.

ನಾನ್‌ನಲ್ ಹಾಕಿದ ಮೇಲೆ ಫಂಕ್ಷನ್‌ನೊಳಗಿನ ನಲ್ ಪರೀಕ್ಷೆ ಎಲ್ಲಿ ಹೋಯಿತು?

ನಲ್ ಬರುವುದಿಲ್ಲ ಎಂದು ನೀವೇ ಮಾತು ಕೊಟ್ಟಿರಿ, ಪರೀಕ್ಷೆ ಅನಗತ್ಯವೆಂದು ಕಂಪೈಲರ್ ತೆಗೆಯಿತು. ನಾನ್‌ನಲ್ ಬೇಕು, ಪರೀಕ್ಷೆಯೂ ಉಳಿಯಬೇಕು ಎಂದಾದರೆ ನೋ-ಡಿಲೀಟ್-ನಲ್-ಪಾಯಿಂಟರ್-ಚೆಕ್ಸ್.

ಇನ್‌ಲೈನ್ ಜಾಸ್ತಿಯಾದರೆ ಸ್ಟ್ಯಾಕ್ ಬೆಳೆಯುತ್ತದೆಯೇ?

ಬೆಳೆಯಬಹುದು. ದೋಷ ಬಂದಾಗ ಮಾತ್ರ ಕರೆಯುವ ಫಂಕ್ಷನ್‌ನಲ್ಲಿ 1 ಕೆಬಿ ಬಫರ್ ಇದೆ ಎನ್ನಿ. ಅದು ಇನ್‌ಲೈನ್ ಆದರೆ ಆ ಬಫರ್ ಕರೆಯುವವನ ಫ್ರೇಮ್‌ಗೆ ಸೇರಿ, ದೋಷ ಇಲ್ಲದ ದಾರಿಯಲ್ಲೂ 1 ಕೆಬಿ ಹೋಗುತ್ತದೆ. 64-ಬಿಟ್ ಎಕ್ಸ್86 ಲಿನಕ್ಸ್ ಕರ್ನಲ್‌ನಲ್ಲಿ ಒಂದು ಟಾಸ್ಕ್‌ಗೆ ಸಿಗುವ ಸ್ಟ್ಯಾಕ್ 16 ಕೆಬಿ. ಅದಕ್ಕೇ ಅಲ್ಲಿ ನೋಇನ್‌ಲೈನ್_ಫಾರ್_ಸ್ಟ್ಯಾಕ್ ಎಂಬ ಮ್ಯಾಕ್ರೊ ಇದೆ. ಕೆಲಸ ನೋಇನ್‌ಲೈನ್‌ನದೇ, ಹೆಸರು ಓದುವವನಿಗೆ ಕಾರಣ ಹೇಳುತ್ತದೆ. ಸ್ಟ್ಯಾಕ್-ಯೂಸೇಜ್ ಆಯ್ಕೆ ಹಾಕಿದರೆ ಪ್ರತಿ ಫಂಕ್ಷನ್‌ನ ಬೈಟ್ ಲೆಕ್ಕ ಎಸ್‌ಯು ಕಡತದಲ್ಲಿ ಸಿಗುತ್ತದೆ.

ಇಂಥ ದೋಷ ನಿರ್ವಹಣೆಯ ಫಂಕ್ಷನ್‌ಗೆ ಕೋಲ್ಡ್ ಹಾಕುವುದು ಒಳ್ಳೆಯ ಅಭ್ಯಾಸ. ಅದು ಗಾತ್ರಕ್ಕಾಗಿ ಆಪ್ಟಿಮೈಸ್ ಆಗಿ ಬೇರೆ ವಿಭಾಗಕ್ಕೆ ಹೋಗುತ್ತದೆ, ಅದರ ಕಡೆಗೆ ಹೋಗುವ ಇಫ್ ಕವಲುಗಳನ್ನೂ ಕಂಪೈಲರ್ ಅಪರೂಪದ್ದೆಂದು ಪರಿಗಣಿಸುತ್ತದೆ. ಹಾಟ್‌ನಿಂದ ಅಷ್ಟು ಪ್ರಯೋಜನ ಕಾಣುವುದು ಕಡಿಮೆ.

ಕರೆಯ ಒಪ್ಪಂದವನ್ನೇ ಬದಲಿಸುವ ಆಟ್ರಿಬ್ಯೂಟ್‌ಗಳನ್ನು ಯಾವಾಗ ಬಳಸಬೇಕು?

ಎದುರಿನವರು ಬೇರೆ ಒಪ್ಪಂದದಲ್ಲಿದ್ದಾಗ ಮಾತ್ರ. ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವಾಗಿನ ಫರ್ಮ್‌ವೇರ್) ಸೇವೆಗಳು ವಿಂಡೋಸ್‌ನ ರೀತಿಯಲ್ಲಿ ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8, ಆರ್9ರಲ್ಲಿ ಆರ್ಗ್ಯುಮೆಂಟ್ ಬಯಸುತ್ತವೆ, ಸ್ಟ್ಯಾಕ್ ಮೇಲೆ 32 ಬೈಟ್ ಖಾಲಿ ಜಾಗವನ್ನೂ. ಅವುಗಳ ಪಾಯಿಂಟರ್ ಟೈಪ್‌ನಲ್ಲಿ ಎಂಎಸ್_ಎಬಿಐ ಇರಬೇಕು. ಕ್ಯಾಸ್ಟ್ ಮಾಡುವಾಗ ಅದು ಬಿಟ್ಟುಹೋದರೆ ಎಚ್ಚರಿಕೆಯೂ ಬಾರದೆ, ಸರಿಯಾದ ಬೆಲೆಗಳು ತಪ್ಪು ರಿಜಿಸ್ಟರ್‌ಗಳಲ್ಲಿ ಹೋಗುತ್ತವೆ.

ಇಂಟರಪ್ಟ್ ಆಟ್ರಿಬ್ಯೂಟ್ ಎಲ್ಲೆಡೆ ಬೇಕಿಲ್ಲ. ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ಹಾರ್ಡ್‌ವೇರೇ ಎಂಟು ರಿಜಿಸ್ಟರ್‌ಗಳನ್ನು, ಅಂದರೆ 32 ಬೈಟ್, ಸ್ಟ್ಯಾಕ್‌ಗೆ ಹಾಕುವುದರಿಂದ ಸಾಮಾನ್ಯ ಸಿ ಫಂಕ್ಷನ್ನೇ ಹ್ಯಾಂಡ್ಲರ್ ಆಗುತ್ತದೆ. ಎವಿಆರ್ ಮೈಕ್ರೊಕಂಟ್ರೋಲರ್‌ನಲ್ಲಿ ಹಾಗಲ್ಲ, ಐಎಸ್‌ಆರ್ ಮ್ಯಾಕ್ರೊ ಬಿಟ್ಟು ಬರೆದರೆ ರಿಜಿಸ್ಟರ್‌ಗಳು ಹಾಳಾಗುತ್ತವೆ. ನೇಕೆಡ್ ಫಂಕ್ಷನ್‌ಗೆ ಕಂಪೈಲರ್ ಶುರುವಿನ, ಕೊನೆಯ ಕೋಡ್ ಸೇರಿಸುವುದಿಲ್ಲ; ಅದರಲ್ಲಿ ಬೇಸಿಕ್ ಎಎಸ್‌ಎಂ ಬಿಟ್ಟು ಸಿ ಕೋಡ್ ಬರೆಯಬೇಡಿ, ಹಿಂದಿರುಗುವ ಇನ್‌ಸ್ಟ್ರಕ್ಷನ್ನೂ ನಿಮ್ಮದೇ ಹೊಣೆ.

ಒಂದೇ ಫಂಕ್ಷನ್ ಡಿಬಗ್ ಮಾಡಲು ಆಪ್ಟಿಮೈಸ್ ಆಟ್ರಿಬ್ಯೂಟ್‌ಗೆ ಓ0 ಕೊಡಬಹುದೇ?

ತಾತ್ಕಾಲಿಕವಾಗಿ ಸರಿ. ಬಳಕೆದಾರರ ಕೈಗೆ ಹೋಗುವ ಕೋಡ್‌ಗೆ ಬೇಡ ಎಂದು ಜಿಸಿಸಿ ಕೈಪಿಡಿಯೇ ಹೇಳುತ್ತದೆ. ಅಂಥ ಫಂಕ್ಷನ್‌ನ ಆಯ್ಕೆಗಳು ಸುತ್ತಲಿನವಕ್ಕಿಂತ ಬೇರೆಯಾಗುವುದರಿಂದ ಅದರ ಒಳಗೂ ಹೊರಗೂ ಇನ್‌ಲೈನ್ ನಿಲ್ಲಬಹುದು, ಹುಡುಕುತ್ತಿದ್ದ ದೋಷವೇ ಕಾಣೆಯಾಗಬಹುದು. ಕ್ಲ್ಯಾಂಗ್‌ನಲ್ಲಿ ಇದರ ಜಾಗಕ್ಕೆ ಆಪ್ಟ್‌ನನ್ ಇದೆ.

ಕೊನೆಗೂ ಕರೆಗೆ ಏನಾಯಿತೆಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಮೂಲ ಕೋಡ್ ನೋಡಿ ಊಹಿಸಬೇಡಿ. ಆಬ್ಜೆಕ್ಟ್ ಕಡತಕ್ಕೆ ಆಬ್ಜ್‌ಡಂಪ್ ಡಿ ಆಯ್ಕೆಯೊಂದಿಗೆ ಓಡಿಸಿ, ಕರೆಯುವ ಫಂಕ್ಷನ್‌ನಲ್ಲಿ ಕಾಲ್ ಇದೆಯೇ, ಜಂಪ್ ಆಗಿದೆಯೇ, ಏನೂ ಇಲ್ಲವೇ ನೋಡಿ. ಎಲ್‌ಟಿಒ ಬಳಸುತ್ತಿದ್ದರೆ ಆಬ್ಜೆಕ್ಟ್ ಕಡತದಲ್ಲಿ ನಿಜವಾದ ಕೋಡ್ ಇರುವುದಿಲ್ಲ, ಲಿಂಕ್ ಆದ ಕೊನೆಯ ಬೈನರಿಯನ್ನೇ ನೋಡಬೇಕು. ಹೆಸರುಗಳ ಪಟ್ಟಿ ಕೊಡುವ ಎನ್‌ಎಂ ಓಡಿಸಿ, ಕಾನ್ಸ್ಟ್‌ಪ್ರಾಪ್‌ನಂಥ ಬಾಲಗಳನ್ನು ಹುಡುಕಿ.

ಜಿಡಿಬಿ ಡಿಬಗರ್ ಇನ್‌ಲೈನ್ ಆದ ಫಂಕ್ಷನ್‌ಗಳನ್ನೂ ಬ್ಯಾಕ್‌ಟ್ರೇಸ್‌ನಲ್ಲಿ ಫ್ರೇಮ್‌ನಂತೆ ತೋರಿಸುತ್ತದೆ. ಅದು ನಿಜವಾದ ಫ್ರೇಮೋ ಅಲ್ಲವೋ ಎಂದು ಇನ್‌ಫೋ ಫ್ರೇಮ್ ಆಜ್ಞೆ ಹೇಳುತ್ತದೆ. ಟೇಲ್ ಕಾಲ್ ಆದ ಫಂಕ್ಷನ್ ಬ್ಯಾಕ್‌ಟ್ರೇಸ್‌ನಲ್ಲಿ ಕಾಣದಿರಬಹುದು, ಆಗ ನೋ-ಆಪ್ಟಿಮೈಸ್-ಸಿಬ್ಲಿಂಗ್-ಕಾಲ್ಸ್ ಹಾಕಿ ಮತ್ತೆ ಕಟ್ಟಿ. ವೇಗ ಅಳೆಯುವ ಸಾಧನವಾದ ಪರ್ಫ್‌ನಲ್ಲಿ ಕರೆಗಳ ಸರಪಳಿ ತುಂಡಾಗಿ ಕಂಡರೆ ನೋ-ಆಮಿಟ್-ಫ್ರೇಮ್-ಪಾಯಿಂಟರ್ ಹಾಕಿ ನೋಡಿ. ಫೆಡೋರಾ 38 ಮತ್ತು ಉಬುಂಟು 24.04ರಿಂದ ಆ ವಿತರಣೆಗಳ ಪ್ಯಾಕೇಜ್‌ಗಳು ಹೀಗೇ ಕಟ್ಟಿ ಬರುತ್ತವೆ, ಆದರೆ ನೀವು ಕೈಯಿಂದ ಕಟ್ಟುವ ಪ್ರೋಗ್ರಾಂಗೆ ಅದನ್ನು ನೀವೇ ಸೇರಿಸಬೇಕು.